ಮುಂದಿನ ಸಾಲಿನ ಕುರ್ಚಿ ಬಿಡುವುದು ಹೇಗೆ

ಕರಾವಳಿಯ ಯಾವುದೋ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಓಡುತ್ತದೆ ಎಂದು ಗಮನಿಸಿ. ಮುಹೂರ್ತ ಆಮೇಲೆ, ರಾತ್ರಿಯ ಯಕ್ಷಗಾನದ ಆಟ ಯಾವ ಮೇಳದ್ದು ಎಂಬುದೂ ಆಮೇಲೆ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಉಪಾಧ್ಯಕ್ಷರು, ಸಂಚಾಲಕರು ಎಂದು ಇರುವೆ ಸಾಲಿನ ಹಾಗೆ ಅಚ್ಚಾದ ಒಳಪುಟಗಳಲ್ಲಿ ನಮ್ಮ ಹೆಸರು ಉಂಟೋ, ಇದ್ದರೆ ಯಾರ ಕೆಳಗೆ ಉಂಟು ಎಂದು ಅದು ಹುಡುಕುತ್ತದೆ. ಇದಕ್ಕೆ ನಾಚಿಕೆಪಡಬೇಕಾಗಿಲ್ಲ, ಹೆಚ್ಚುಕಡಿಮೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಆದರೆ ಹೆಸರು ಎರಡು ಸಾಲು ಕೆಳಗಿಳಿಯಿತೆಂದು ಮಧ್ಯಾಹ್ನದ ಊಟ ರುಚಿಸದೆ ಹೋದರೆ, ಉತ್ಸವಕ್ಕೇ ಹೋಗದೆ ಮನೆಯಲ್ಲಿ ಮುಖ ಊದಿಸಿ ಕೂತರೆ, ಮುಂದಿನದು ನಿಮಗಾಗಿ.

ಅಹಂಕಾರ ಬಿಡಬೇಕು ಎಂದು ಪ್ರವಚನದಲ್ಲಿ ಕೇಳಿ ತಲೆದೂಗುವುದು ಸುಲಭ. ಪ್ರವಚನ ಮುಗಿದು ಊಟದ ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ ಅದು ಮತ್ತೆ ಎದ್ದು ನಿಲ್ಲುತ್ತದೆ. ಏಕೆಂದರೆ ಅದರ ಬೇರು ಇರುವುದು ಅಭ್ಯಾಸದಲ್ಲಿ: ಕೂರುವ ಜಾಗ, ಕರೆಸಿಕೊಳ್ಳುವ ಹೆಸರು, ಕಾಯದೆ ಕೆಲಸ ಮಾಡಿಸಿಕೊಳ್ಳುವ ರೂಢಿ. ಬಿಡಿಸುವ ಕೆಲಸವನ್ನೂ ಅಲ್ಲೇ ಮಾಡಬೇಕು. ಇಲ್ಲಿರುವುದು ಸುಮಾರು ಆರು ವಾರದ ಕೆಲಸ. ಖರ್ಚು ಒಂದು ಸಣ್ಣ ಪುಸ್ತಕ ಮತ್ತು ಪೆನ್ನಿನದ್ದು.

ಮೊದಲ ವಾರ ಎಣಿಕೆ ಮಾತ್ರ

ಕಿಸೆಗೆ ಹಿಡಿಯುವ ಪುಸ್ತಕದಲ್ಲಿ ನಾಲ್ಕು ಗೆರೆ ಎಳೆದು ನಾಲ್ಕು ತಲೆಬರಹ ಬರೆಯಿರಿ: ಕುರ್ಚಿ, ಹೆಸರು, ಸರದಿ, ಮಾತು. ಸಿಗಬೇಕೆಂದುಕೊಂಡ ಸ್ಥಾನ ಸಿಗದೆ ಚುಚ್ಚಿದರೆ ಕುರ್ಚಿಯ ಕೆಳಗೆ ಒಂದು ಗೀಟು. ಸ್ವಾಗತ ಭಾಷಣದಲ್ಲಿ ನಿಮ್ಮನ್ನು ಮರೆತರೆ, ಸಣ್ಣ ಪ್ರಾಯದವನೊಬ್ಬ ಸರ್ ಅನ್ನದೆ ಮಾತಾಡಿಸಿದರೆ ಹೆಸರಿನ ಕೆಳಗೆ. ಬ್ಯಾಂಕಿನಲ್ಲೋ ಕ್ಲಿನಿಕ್ಕಿನಲ್ಲೋ ಕಾಯಬೇಕಾಗಿ ಬಂದು ಒಳಗೊಳಗೆ ಕುದಿದರೆ ಸರದಿಯ ಕೆಳಗೆ. ನಿಮ್ಮ ಸಲಹೆ ನಡೆಯದಿದ್ದರೆ, ಮಗಳು ನಿಮ್ಮ ತಪ್ಪು ತಿದ್ದಿದರೆ, ವಾದದಲ್ಲಿ ಕೊನೆಯ ಮಾತು ಬೇರೆಯವರದ್ದಾದರೆ ಮಾತಿನ ಕೆಳಗೆ. ಗೀಟಿನ ಪಕ್ಕ ಐದಾರು ಪದ ಸಾಕು: ‘ಮದುವೆ ಹಾಲ್, ಎರಡನೇ ಸಾಲು, ಭಾವ ಮುಂದೆ’.

ಈ ವಾರ ಏನನ್ನೂ ತಿದ್ದಲು ಹೋಗಬೇಡಿ. ಎಣಿಸುತ್ತಲೇ ಒಳ್ಳೆಯವರಾಗಲು ಹೊರಟರೆ ಲೆಕ್ಕ ಸುಳ್ಳಾಗುತ್ತದೆ.

ಇಲ್ಲಿ ತಪ್ಪು ಆಗುವುದು ಎರಡು ಕಡೆ. ಒಂದು, ರಾತ್ರಿ ಮಲಗುವಾಗ ನೆನಪಿನಿಂದ ಬರೆಯುವುದು. ಅಷ್ಟು ಹೊತ್ತಿಗೆ ನೆನಪು ನಮ್ಮ ಪರ ವಕೀಲನಾಗಿ ಬಿಟ್ಟಿರುತ್ತದೆ, ಹತ್ತು ಸಲ ಚುಚ್ಚಿದ್ದು ಎರಡಾಗುತ್ತದೆ. ಚುಚ್ಚಿದ ಹತ್ತು ನಿಮಿಷದೊಳಗೆ ಗೀಟು ಹಾಕಿ. ಇನ್ನೊಂದು, ಎದುರಿನವರ ಬಗ್ಗೆ ಬರೆಯುವುದು. ‘ಅವನು ಬೇಕೆಂದೇ ಮಾಡಿದ’ ಎಂಬ ವಾಕ್ಯ ಬಂತೆಂದರೆ ನಿಮ್ಮ ಪುಸ್ತಕ ಚಾರ್ಜ್‌ಶೀಟ್ ಆಯಿತು ಎಂದು ಅರ್ಥ. ಆ ಪುಟ ಹರಿದು ಹೊಸ ಪುಟದಿಂದ ಶುರು ಮಾಡಿ.

ಏಳನೆಯ ದಿನ ಕೂಡಿಸಿ. ಒಂದು ಕಂಬದಲ್ಲಿ ಗೀಟು ಹೆಚ್ಚಿರುತ್ತದೆ, ಅದೇ ನಿಮ್ಮ ಜಾಗ. ನಿವೃತ್ತರಾದವರಿಗೆ ಹೆಚ್ಚಾಗಿ ಹೆಸರಿನ ಕಂಬ ತುಂಬುತ್ತದೆ, ಮನೆ ನಡೆಸುವವರಿಗೆ ಮಾತಿನದ್ದು. ಸರದಿಯ ಕಂಬ ತುಂಬಿದವರು ಸಾಮಾನ್ಯವಾಗಿ ಕಾರಿನಲ್ಲೇ ಓಡಾಡುವವರು.

ಅಳಿಸಬೇಕಾದ ಗೀಟುಗಳು

ಮುಂದೆ ಹೋಗುವ ಮೊದಲು ಒಂದು ಶೋಧನೆ ಆಗಬೇಕು. ಪ್ರತಿ ಗೀಟಿನ ಎದುರು ಕೇಳಿಕೊಳ್ಳಿ: ನನ್ನ ಜಾಗದಲ್ಲಿ ಬೇರೆ ಯಾರೇ ಇದ್ದರೂ ಇದು ತಪ್ಪೇ? ಚಿಲ್ಲರೆ ವಾಪಸು ಕೊಡಲಿಲ್ಲ, ದುಡಿದ ಸಂಬಳ ತಡೆಹಿಡಿದರು, ಜಾತಿ ಹಿಡಿದು ಮಾತಾಡಿದರು, ಹೆಂಗಸೆಂದು ಮಾತು ಕೇಳಿಸಿಕೊಳ್ಳಲಿಲ್ಲ ಎಂದಾದರೆ ಉತ್ತರ ಹೌದು. ಅದು ನ್ಯಾಯದ ಪ್ರಶ್ನೆ. ಆ ಗೀಟನ್ನು ಅಹಂಕಾರದ ಲೆಕ್ಕದಿಂದ ಹೊಡೆದು ಹಾಕಿ, ಹೋಗಿ ಕೇಳಿ. ‘ಬೇರೆಯವರಿಗಾದರೆ ಅಡ್ಡಿಯಿಲ್ಲ, ನನಗೆ ಹೀಗೆ ಮಾಡಿದರಲ್ಲ’ ಎಂಬ ಉತ್ತರ ಬಂದ ಗೀಟುಗಳನ್ನು ಮಾತ್ರ ಉಳಿಸಿಕೊಳ್ಳಿ.

ಶೋಧಿಸಿದ ಮೇಲೆ ಏನೂ ಉಳಿಯದವರೂ ಇದ್ದಾರೆ. ಹುಟ್ಟಿದಾಗಿನಿಂದ ಹಿಂದಿನ ಸಾಲಿನಲ್ಲೇ ಕೂರಿಸಲ್ಪಟ್ಟವರಿಗೆ, ಅತ್ತೆಮನೆಯಲ್ಲಿ ಹದಿನೈದು ವರ್ಷ ಬಾಯಿ ತೆರೆಯದವರಿಗೆ ಈ ಆರು ವಾರ ಬೇಡ. ಅವರು ಮಾಡಬೇಕಾದದ್ದು ಇದರ ತಿರುಗುಮುರುಗು. ಹಾಗೆಯೇ ‘ನಾನು ಯಾವ ಪ್ರಯೋಜನಕ್ಕೂ ಇಲ್ಲ’ ಎಂಬ ಯೋಚನೆ ಎರಡು ವಾರ ಬಿಡದೆ ಕಾಡಿ, ನಿದ್ದೆ ಊಟ ಕೆಟ್ಟಿದ್ದರೆ ಅದು ವಿನಯ ಅಲ್ಲ, ಕಾಯಿಲೆ ಇರಬಹುದು. ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ.

ಕುರ್ಚಿ

ಸಭೆಗೆ ಹತ್ತು ನಿಮಿಷ ಮೊದಲೇ ಹೋಗಿ. ತಡವಾಗಿ ಹೋದರೆ ಎಲ್ಲರ ಕಣ್ಣೆದುರೇ ನಡೆದು ಬರಬೇಕಾಗುತ್ತದೆ, ಅದೂ ಒಂದು ಪ್ರವೇಶವೇ. ಹಿಂದಿನಿಂದ ನಾಲ್ಕನೆಯದೋ ಐದನೆಯದೋ ಸಾಲಿನ ನಡುವೆ ಕೂರಿ. ಕಟ್ಟಕಡೆಯ ಸಾಲು, ಬಾಗಿಲ ಬಳಿಯ ಕುರ್ಚಿ ಬೇಡ. ಸ್ವಯಂಸೇವಕರು ಓಡಾಡುವುದು ಅಲ್ಲೇ, ಕಂಡ ಕೂಡಲೇ ‘ನೀವೆಂತ ಇಲ್ಲಿ ಕೂತದ್ದು, ಮುಂದೆ ಬನ್ನಿ ಮಾರಾಯ್ರೆ’ ಎಂದು ಕೈ ಹಿಡಿದು ಎಳೆಯುತ್ತಾರೆ. ಎಳೆದರೆ ಎರಡು ಸಲ ಬೇಡ ಅನ್ನಿ. ಮೂರನೆಯ ಸಲವೂ ಕರೆದರೆ ಎದ್ದು ಹೋಗಿ ಕೂತುಬಿಡಿ. ಐದು ಸಲ ಕರೆಸಿಕೊಂಡು, ಇಡೀ ಸಭೆ ತಿರುಗಿ ನೋಡುವಂತೆ ಮಾಡಿ, ಕೊನೆಗೂ ಹಿಂದೆಯೇ ಉಳಿದವರು ಮುಂದಿನ ಸಾಲಿನವರಿಗಿಂತ ಹೆಚ್ಚು ಕಾಣಿಸಿಕೊಂಡಿರುತ್ತಾರೆ. ನಮ್ಮೂರಿನಲ್ಲಿ ಇದು ಒಂದು ಕಲೆಯಾಗಿಯೇ ಬೆಳೆದಿದೆ.

ವೇದಿಕೆ ತಪ್ಪಿಸಲಾಗದಿದ್ದರೆ ನಿಮ್ಮ ಪರಿಚಯವನ್ನು ನೀವೇ ಬರೆದು ಕೊಡಬೇಡಿ. ಕೇಳಿದರೆ ಊರು, ಉದ್ಯೋಗ ಎರಡು ಸಾಲು ಸಾಕು. ಐದು ನಿಮಿಷ ಕೊಟ್ಟರೆ ಮೂರು ನಿಮಿಷ ಮಾತಾಡಿ. ಗಡಿಯಾರ ನೋಡಲು ಪಕ್ಕದವರಿಗೆ ಹೇಳಿಡಿ, ಮೈಕಿನ ಮುಂದೆ ನಮ್ಮ ಮೂರು ನಿಮಿಷ ಹನ್ನೆರಡಾಗುವುದು ನಮಗೆ ತಿಳಿಯುವುದಿಲ್ಲ. ಸಭಾ ಕಾರ್ಯಕ್ರಮದ ನಂತರ ಕಾಲಮಿತಿಯ ಆಟ ಇದ್ದರಂತೂ ನೀವು ತೆಗೆದುಕೊಂಡ ಒಂದೊಂದು ನಿಮಿಷವೂ ಭಾಗವತರ ಪದ್ಯದಿಂದ ಕತ್ತರಿಸಿದ್ದು. ಎದುರು ಕೂತ ಮುನ್ನೂರು ಜನ ಬಂದದ್ದು ಚೆಂಡೆ ಕೇಳಲು.

ಹಿಂದೆ ಕೂತ ಮೊದಲ ಎರಡು ಸಭೆಗಳಲ್ಲಿ ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಈ ಅನಿಸಿಕೆಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಅಳೆದು 2000ದಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀಶರ್ಟ್ ತೊಡಿಸಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ನನ್ನ ಶರ್ಟಿನಲ್ಲಿದ್ದದ್ದನ್ನು ಗಮನಿಸಿರುತ್ತಾರೆ ಎಂದು ತೊಟ್ಟವರ ಅಂದಾಜು; ಗಮನಿಸಿದ್ದು ಸುಮಾರು ಕಾಲು ಭಾಗ. ಅವಮಾನದ ಹೆದರಿಕೆಗೆ ಇದು ಸಮಾಧಾನ. ಸನ್ಮಾನದ ಆಸೆಗೂ ಇದೇ ಲೆಕ್ಕ ಅನ್ವಯಿಸಿ ನೋಡಿ: ನಿಮ್ಮ ಶಾಲಿನ ಬಣ್ಣ ಯಾವುದಿತ್ತು ಎಂದು ಮರುದಿನ ಎಷ್ಟು ಜನರಿಗೆ ನೆನಪಿರುತ್ತದೆ?

ಉಪ್ಪು ಬಡಿಸುವ ಕೆಲಸ

ಆರು ವಾರದಲ್ಲಿ ಅತ್ಯಂತ ಬೇಗ ಗುಣ ಕಾಣುವುದು ಇದರಲ್ಲಿ. ನಿಮ್ಮ ಊರಿನ ದೇವಸ್ಥಾನದ ಅನ್ನಸಂತರ್ಪಣೆ, ಇಗರ್ಜಿಯ ಹಬ್ಬದೂಟ, ಉರೂಸಿನ ಅನ್ನದಾನ, ಯಾವುದಾದರೂ ಆದೀತು. ಎರಡು ಪಂಕ್ತಿ ಮುಗಿಯುವವರೆಗೆ ಕೆಲಸ ಮಾಡಿ, ಸುಮಾರು ಒಂದೂವರೆ ಗಂಟೆ. ಅದಕ್ಕಿಂತ ಹೆಚ್ಚು ಮೊದಲ ಸಲಕ್ಕೆ ಬೇಡ, ಸೊಂಟ ಹಿಡಿಯುತ್ತದೆ. ಬಗ್ಗುವಾಗ ಮಂಡಿ ಮಡಿಸಿ.

ಬಡಿಸುವುದರಲ್ಲೂ ಮೇಲು ಕೀಳು ಇದೆ ಎಂಬುದು ಪಂಕ್ತಿಯಲ್ಲಿ ಓಡಾಡಿದವರಿಗೆ ಗೊತ್ತು. ಪಾಯಸದ ಬಕೆಟ್ ಹಿಡಿದವನನ್ನು ಇಡೀ ಸಾಲು ನಗುನಗುತ್ತ ನೋಡುತ್ತದೆ, ‘ಇನ್ನೊಂದು ಸೌಟು’ ಎಂದು ಹೆಸರು ಹಿಡಿದು ಕರೆಯುತ್ತದೆ. ಉಪ್ಪು ಬಡಿಸುವವನ ಮುಖ ಯಾರೂ ನೋಡುವುದಿಲ್ಲ. ನೀವು ಉಪ್ಪು ಕೇಳಿ ತೆಗೆದುಕೊಳ್ಳಿ. ಎಲೆಯ ತುದಿ ಉಣ್ಣುವವರ ಎಡಗೈ ಕಡೆಗೆ ಇರುತ್ತದೆ, ಆ ಬದಿಗೆ ಒಂದು ಚಿಟಿಕೆ ಹಾಕಿ ಮುಂದೆ ಹೋಗುತ್ತ ಇರಬೇಕು. ಮಾತಿಲ್ಲ, ನಿಲ್ಲುವುದಿಲ್ಲ. ಉಪ್ಪು ಮುಗಿದ ಮೇಲೆ ನೀರು. ಪಂಕ್ತಿ ಎದ್ದ ಮೇಲೆ ಎಲೆ ತೆಗೆಯುವುದು. ಎಲೆಯನ್ನು ಒಳಮುಖವಾಗಿ ಮಡಚಿ ಎತ್ತಿದರೆ ಉಳಿದ ಸಾರು ಕಾಲಿಗೆ ಸುರಿಯುವುದಿಲ್ಲ. ಕೊನೆಗೆ ಸಮಯ ಉಳಿದರೆ ಕೊಪ್ಪರಿಗೆ ತೊಳೆಯುವಲ್ಲಿ ಒಂದು ಕೈ.

ಎಡವಟ್ಟಾಗುವುದು ಸುಮಾರು ಇಪ್ಪತ್ತನೆಯ ನಿಮಿಷಕ್ಕೆ. ಅಷ್ಟರಲ್ಲಿ ‘ಆ ಸಾಲಿಗೆ ಸಾರು ಹೋಗಲಿಲ್ಲ’, ‘ಏ, ಅನ್ನ ಈ ಕಡೆ ತನ್ನಿ’ ಎಂದು ನೀವು ಮೇಲ್ವಿಚಾರಕರಾಗಿರುತ್ತೀರಿ. ಕಚೇರಿ ನಡೆಸಿದವರಿಗೆ, ಮೇಷ್ಟ್ರಾಗಿದ್ದವರಿಗೆ ಇದು ತಪ್ಪಿದ್ದಲ್ಲ. ಮದ್ದು ಒಂದೇ: ಅಲ್ಲಿರುವವರಲ್ಲಿ ಪ್ರಾಯದಲ್ಲಿ ಸಣ್ಣ ಹುಡುಗನನ್ನೋ ಹುಡುಗಿಯನ್ನೋ ಹುಡುಕಿ ‘ಇನ್ನು ಎಂತ ಮಾಡ್ಬೇಕು?’ ಎಂದು ಕೇಳಿ, ಹೇಳಿದ್ದನ್ನು ಮಾಡಿ. ಹೇಳಿದ್ದು ತಪ್ಪೆಂದು ಕಂಡರೂ ಮಾಡಿ. ಅರ್ಧ ಪಂಕ್ತಿಗೆ ಮಜ್ಜಿಗೆ ಎರಡು ಸಲ ಹೋದರೆ ಊರು ಮುಳುಗುವುದಿಲ್ಲ. ಫೋಟೊ ತೆಗೆಯುವವನು ಬಂದಾಗ ನೀರಿನ ಜಗ್ ತುಂಬಿಸಲು ಒಳಗೆ ಹೋಗಿ.

ಹೆಸರು

ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆದು ಬೆಳಕೇ ಮಂಕಾದ ಭಜನಾ ಮಂದಿರಗಳನ್ನು ಎಲ್ಲರೂ ನೋಡಿದ್ದೇವೆ. ತಿಂಗಳಿಗೆ ಒಂದು ಸಲ, ನಿಮಗೆ ಭಾರವಾಗದ ಮೊತ್ತ, ಐನೂರು ರೂಪಾಯಿ ಅನ್ನೋಣ, ಹೆಸರಿಲ್ಲದೆ ಕೊಡಿ. ಸೇವಾ ರಶೀದಿಗೆ ಹೆಸರು, ನಕ್ಷತ್ರ ಕೇಳುತ್ತಾರೆ, ಹಾಗಾಗಿ ಕಾಣಿಕೆ ಡಬ್ಬಿಯೇ ಅನುಕೂಲ. ಶಾಲೆಯ ಮಗುವಿನ ಶುಲ್ಕವಾದರೆ ಕಚೇರಿಯಲ್ಲಿ ಕಟ್ಟಿ, ಮಗುವಿಗೂ ಮನೆಯವರಿಗೂ ಹೆಸರು ಹೇಳಬಾರದೆಂದು ಕೇಳಿಕೊಳ್ಳಿ. ದೊಡ್ಡ ಮೊತ್ತಕ್ಕೆ ತೆರಿಗೆ ರಿಯಾಯಿತಿ ಬೇಕಿದ್ದರೆ ಪ್ಯಾನ್ ಕೊಟ್ಟು ರಶೀದಿ ಪಡೆಯುವುದರಲ್ಲಿ ತಪ್ಪೇನೂ ಇಲ್ಲ, ರಶೀದಿ ಕಡತಕ್ಕೆ ಹೋಗುತ್ತದೆ, ಗೋಡೆಗಲ್ಲ. ಹೆಂಡತಿಗೋ ಗಂಡನಿಗೋ ಮುಚ್ಚಿಡಬೇಡಿ. ಮನೆಯ ದುಡ್ಡು ಗುಟ್ಟಾಗಿ ಹೋಗುವುದು ಬೇರೆಯದೇ ರಗಳೆ.

ನಿವೃತ್ತರ ಹೆಸರಿನ ಸಮಸ್ಯೆ ಇನ್ನೂ ಆಳ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳು ಬ್ಯಾಂಕುಗಳ ತವರು, ಹಾಗಾಗಿ ಪ್ರತಿ ಬೀದಿಗೆ ಒಬ್ಬರಾದರೂ ಮಾಜಿ ಮ್ಯಾನೇಜರ್ ಇದ್ದಾರೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದೊಳಗೆ ಸೇರಿತು. ಮರುವರ್ಷ ಅದೇ ದಿನ, 1906ರ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, 1925ರ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಕರಗಿದವು. ಎರಡೂ ಉಡುಪಿಯಲ್ಲಿ ಹುಟ್ಟಿದ್ದು. ಬ್ಯಾಂಕಿನ ಹೆಸರೇ ಫಲಕದಿಂದ ಇಳಿದ ಮೇಲೂ ‘ಆ ಬ್ಯಾಂಕಿನ ಸೀನಿಯರ್ ಮ್ಯಾನೇಜರ್’ ಎಂಬ ವಿಸಿಟಿಂಗ್ ಕಾರ್ಡು ಕಿಸೆಯಲ್ಲಿ ಉಳಿಯುತ್ತದೆ. ಮಾಡಬೇಕಾದದ್ದು: ಹಳೆಯ ಕಾರ್ಡುಗಳನ್ನು ರದ್ದಿಗೆ ಹಾಕಿ. ಹೊಸಬರ ಪರಿಚಯವಾದಾಗ ಮೊದಲ ಹತ್ತು ನಿಮಿಷ ಹುದ್ದೆ ಹೇಳಬೇಡಿ. ಎಲ್ಲಿ ಮನೆ ಎಂದು ಕೇಳಿದರೆ ಮನೆ ಹೇಳಿ, ಎಂತ ಮಾಡ್ಕೊಂಡಿದ್ದೀರಿ ಎಂದರೆ ಈಗ ಮಾಡುವುದನ್ನು ಹೇಳಿ: ತೋಟಕ್ಕೆ ನೀರು ಬಿಡುವುದು, ಮೊಮ್ಮಗಳನ್ನು ಶಾಲೆಗೆ ಕಳಿಸುವುದು. ಮೊದಲೆರಡು ಸಲ ನಾಲಿಗೆ ತುದಿಗೆ ಬಂದದ್ದನ್ನು ನುಂಗಬೇಕಾಗುತ್ತದೆ.

ಇನ್ನೂ ಕೆಲಸದಲ್ಲಿರುವವರಿಗೆ ಯಕ್ಷಗಾನದವರು ಬಣ್ಣ ಹಚ್ಚುವ ಕೋಣೆಯಾದ ಚೌಕಿಯಿಂದ ಒಂದು ಕ್ರಮ ಎರವಲು ತರಬಹುದು. ರಾತ್ರಿ ರಂಗಸ್ಥಳವನ್ನು ನಡುಗಿಸಿದ ಬಣ್ಣದ ವೇಷಧಾರಿ ಆಟ ಮುಗಿದ ಮೇಲೆ ಕಿರೀಟ ಬಿಚ್ಚಿಟ್ಟು, ತೆಂಗಿನೆಣ್ಣೆ ಹಚ್ಚಿ ತಾನೇ ಮುಖ ಒರೆಸಿಕೊಳ್ಳುತ್ತಾನೆ. ಬಣ್ಣ ತೆಗೆಯದೆ ಯಾರೂ ಮನೆಗೆ ಹೊರಡುವುದಿಲ್ಲ. ನೀವೂ ಕೆಲಸದಿಂದ ಬಂದ ಮೊದಲ ಹದಿನೈದು ನಿಮಿಷವನ್ನು ಇದಕ್ಕೆ ಇಡಿ: ಗುರುತಿನ ಚೀಟಿ ಮೊಳೆಗೆ, ಫೋನು ಕಪಾಟಿಗೆ, ಕೈಕಾಲು ಮುಖ ತೊಳೆದು, ಯಾರೂ ಹೇಳದೆ ಮನೆಯ ಒಂದು ಕೆಲಸ. ತೊಳೆದ ಪಾತ್ರೆ ಜೋಡಿಸಿಡುವುದೋ ಒಣಗಿದ ಬಟ್ಟೆ ಒಳಗೆ ತರುವುದೋ ಆದೀತು. ಮಾಡಿದ್ದನ್ನು ಹೇಳಿಕೊಳ್ಳಬೇಡಿ.

ಸರದಿ

ವಾರಕ್ಕೊಮ್ಮೆ ಕಾರು ಬಿಟ್ಟು ಸಿಟಿ ಬಸ್ಸು ಹತ್ತಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ, ಉಡುಪಿಯಿಂದ ಮಣಿಪಾಲಕ್ಕೆ, ಸಂಜೆ ಐದೂವರೆಗೆ. ‘ಹಿಂದೆ ಹೋಗಿ, ಹಿಂದೆ ಹೋಗಿ’ ಎಂಬ ಕಂಡಕ್ಟರನ ಮಾತಿಗೆ ಡಾಕ್ಟರು, ಮೀನಿನ ಬುಟ್ಟಿಯವರು ಎಂಬ ಭೇದವಿಲ್ಲ. ‘ನಾನು ಯಾರು ಗೊತ್ತುಂಟಾ?’ ಎಂಬುದು ಅಲ್ಲಿ ನಡೆಯದ ನಾಣ್ಯ. ಸರಿಯಾದ ಚಿಲ್ಲರೆ ಇಟ್ಟುಕೊಳ್ಳಿ. ಕಚೇರಿಗಳಲ್ಲಿ ಟೋಕನ್ ತೆಗೆದು ಕೂರಿ, ಒಳಗಿರುವ ಪರಿಚಯದವರಿಗೆ ಫೋನ್ ಮಾಡಬೇಡಿ. ಕಾಯಿಲೆಯ ತುರ್ತಿಗೆ, ಪ್ರಾಯದವರ ಕಾಲುನೋವಿಗೆ ಈ ನಿಯಮ ಇಲ್ಲ.

ಮಾತು

ಮಾತಿನ ಕಂಬ ತುಂಬಿದವರಿಗೆ ಕೆಲಸ ಮನೆಯಲ್ಲೇ ಇದೆ. ಇಲ್ಲಿ ಮೂರು ವಾಕ್ಯ ರೂಢಿಯಾಗಬೇಕು: ‘ನಂಗೆ ಗೊತ್ತಿಲ್ಲ’, ‘ನೀನು ಹೇಳಿದ್ದು ಸರಿ’, ‘ತಪ್ಪಾಯ್ತು’. ದಿನಕ್ಕೆ ಒಂದಾದರೂ ಬಾಯಿಂದ ಬರಲಿ. ಮೂರನೆಯದು ಕಷ್ಟ, ಏಕೆಂದರೆ ಅದರ ಹಿಂದೆಯೇ ‘ಆದ್ರೆ’ ನುಸುಳುತ್ತದೆ. ‘ತಪ್ಪಾಯ್ತು, ಆದ್ರೆ ನೀನೂ...’ ಎಂದಾಗ ಮೊದಲ ಪದ ಸತ್ತು ಹೋಗುತ್ತದೆ. ‘ಆಯ್ತು ಮಾರಾಯ, ಸಾರಿ’ ಎಂಬುದೂ ಕ್ಷಮೆಯಲ್ಲ, ಬಾಯಿ ಮುಚ್ಚಿಸುವ ಉಪಾಯ. ಸರಿಯಾದ ಕ್ರಮ ಹೀಗೆ: ಮಾಡಿದ್ದು ಏನೆಂದು ಹೇಳುವುದು, ಕಾರಣ ಕೊಡದಿರುವುದು, ಸರಿಪಡಿಸಲು ಏನು ಮಾಡುತ್ತೀರೆಂದು ಹೇಳುವುದು, ಸುಮ್ಮನಾಗುವುದು. ಇಪ್ಪತ್ತನಾಲ್ಕು ಗಂಟೆಯೊಳಗೆ, ಮುಖ ನೋಡಿ. ನಾಲ್ಕು ಜನರ ಎದುರು ಹೀಯಾಳಿಸಿದ್ದರೆ ಆ ನಾಲ್ಕು ಜನರ ಎದುರೇ. ಎದುರಿನವರು ಕೂಡಲೇ ಕ್ಷಮಿಸಬೇಕೆಂದು ಕಾಯಬೇಡಿ.

‘ಈ ಮನೆ ನಡೆಯುವುದು ನನ್ನಿಂದ’ ಎಂಬ ಮಾತಿಗೆ ಒಂದು ಚೀಟಿ ಆಟ ಇದೆ. ಗೃಹಪ್ರವೇಶವೋ ಮದುವೆಯೋ ಮುಗಿದ ಮರುದಿನ ಮನೆಯ ಪ್ರತಿಯೊಬ್ಬರೂ ‘ಇದರಲ್ಲಿ ನನ್ನ ಪಾಲಿನ ದುಡಿಮೆ ನೂರಕ್ಕೆ ಎಷ್ಟು’ ಎಂದು ಒಬ್ಬರದ್ದೊಬ್ಬರು ನೋಡದೆ ಬರೆಯಲಿ. ಕೂಡಿಸಿದರೆ ನೂರು ದಾಟುವ ಸಂಭವವೇ ಹೆಚ್ಚು. ಮನೋವಿಜ್ಞಾನಿಗಳಾದ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಹೆಂಡಿರನ್ನು ಮನೆಗೆಲಸಗಳ ಬಗ್ಗೆ ಹೀಗೆ ಕೇಳಿದಾಗ ಹೆಚ್ಚಿನ ಜೋಡಿಗಳ ಮೊತ್ತ ಮಿತಿ ಮೀರಿತ್ತು. ಕುತೂಹಲದ ಸಂಗತಿಯೆಂದರೆ ಜಗಳ ಹುಟ್ಟಿಸುವಂಥ ಕೆಟ್ಟ ಕೆಲಸಗಳಲ್ಲೂ ಅವರು ತಮ್ಮ ಪಾಲು ಹೆಚ್ಚೆಂದೇ ಹೇಳಿದ್ದರು. ಅಂದರೆ ಇದೆಲ್ಲ ಜಂಬವೇ ಅಲ್ಲ. ನಾನು ತೆಂಗಿನಕಾಯಿ ತುರಿದದ್ದು ನನಗೆ ನೆನಪಿದೆ, ನೀವು ಮೂರು ಸಲ ಪೇಟೆಗೆ ಹೋಗಿ ಬಂದದ್ದನ್ನು ನಾನು ನೋಡಿಯೇ ಇಲ್ಲ. ಚೀಟಿಗಳನ್ನು ಕೂಡಿಸಿ ನಕ್ಕ ಮೇಲೆ, ಬೇರೆಯವರು ಮಾಡಿದ್ದರಲ್ಲಿ ನಿಮಗೆ ಗೊತ್ತಿಲ್ಲದ ಮೂರು ಕೆಲಸ ಕೇಳಿ ತಿಳಿದುಕೊಳ್ಳಿ. ನಗು ಬಾರದ ಮನೆಯಲ್ಲಿ ಈ ಆಟ ಆಡಬೇಡಿ, ಜಗಳವಾಗುತ್ತದೆ.

ಸಟ್ಟುಗ ಕೊಟ್ಟು ಹೊರಡುವುದು

ಉಡುಪಿ ಕೃಷ್ಣ ಮಠದಲ್ಲಿ ಸಮಸಂಖ್ಯೆಯ ವರ್ಷದ ಜನವರಿ 18ಕ್ಕೆ ಪರ್ಯಾಯ, ಅಂದರೆ ಪೂಜೆಯ ಹೊಣೆ ಉಡುಪಿಯ ಎಂಟು ಮಠಗಳಲ್ಲಿ ಒಂದರಿಂದ ಮುಂದಿನದಕ್ಕೆ ದಾಟುವ ದಿನ. ಎರಡು ವರ್ಷ ಪೂಜೆ, ಅನ್ನದಾನ, ಆಡಳಿತ ಎಲ್ಲ ನಡೆಸಿದ ಸ್ವಾಮಿಗಳು ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈಯನ್ನು ಮುಂದಿನವರ ಕೈಗೆ ಕೊಡುತ್ತಾರೆ. ಎಂಟು ಮಠಗಳ ಸುತ್ತು ಮುಗಿದು ಅದೇ ಮಠಕ್ಕೆ ಸರದಿ ಬರುವುದು ಮತ್ತೆ ಹದಿನಾಲ್ಕು ವರ್ಷ ಕಳೆದ ಮೇಲೆ. ಆರಂಭದಲ್ಲಿ ಎರಡೆರಡು ತಿಂಗಳಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ಸೋದೆ ಮಠದ ಯತಿ ವಾದಿರಾಜರು. ಈ ವ್ಯವಸ್ಥೆಯ ಜಾಣತನ ಇರುವುದು ದಿನಾಂಕದಲ್ಲಿ: ಇಳಿಯುವ ದಿನ ಏರುವ ದಿನವೇ ಗೊತ್ತಿರುತ್ತದೆ.

ಯುವಕ ಮಂಡಲ, ಅಪಾರ್ಟ್‌ಮೆಂಟ್ ಸಂಘ, ಜೀರ್ಣೋದ್ಧಾರ ಸಮಿತಿ, ಕುಟುಂಬದ ವಾಟ್ಸ್‌ಆ್ಯಪ್ ಗುಂಪು, ಯಾವುದರ ಹೊಣೆ ಹೊತ್ತಿದ್ದರೂ ಇಳಿಯುವ ದಿನಾಂಕವನ್ನು ಇಂದೇ ಬರೆದು ಇಬ್ಬರಿಗೆ ತಿಳಿಸಿ. ‘ಒಳ್ಳೆಯವರು ಸಿಕ್ಕಿದ ಮೇಲೆ ಬಿಡ್ತೇನೆ’ ಎಂಬುದು ದಿನಾಂಕವಲ್ಲ. ಇಳಿಯುವ ಎರಡು ತಿಂಗಳ ಮೊದಲು ಒಂದು ಹಾಳೆ ತಯಾರಿಸಿ: ಕೀಲಿಕೈಗಳು ಎಷ್ಟು, ನಗದು ಪುಸ್ತಕ ಎಲ್ಲಿ, ಬ್ಯಾಂಕಿನಲ್ಲಿ ಸಹಿ ಯಾರದ್ದು, ಶಾಮಿಯಾನದವರ, ಮೈಕ್‌ಸೆಟ್ಟಿನವರ ನಂಬರು, ಕೊಡಬೇಕಾದ ಬಾಕಿ. ಹಾಳೆಯೊಡನೆ ಅಡ್ಮಿನ್ ಪಟ್ಟವನ್ನೂ ಕೊಡಿ. ಆಮೇಲೆ ಆರು ತಿಂಗಳು ಅವರಾಗಿ ಕೇಳದೆ ಒಂದು ಸಲಹೆಯನ್ನೂ ಕೊಡಬೇಡಿ. ಹೊಸಬರು ನಿಮ್ಮಷ್ಟು ಚೆನ್ನಾಗಿ ಮಾಡುವುದಿಲ್ಲ. ನೀವು ಮೊದಲ ವರ್ಷ ಹೇಗೆ ಮಾಡಿದ್ದಿರಿ ಎಂದು ಹಿಂದಿನವರನ್ನು ಕೇಳಿದರೆ ಗೊತ್ತಾದೀತು. ದುಡ್ಡಿನ ಅವ್ಯವಹಾರ ಕಂಡರೆ ಮಾತ್ರ ಸುಮ್ಮನಿರಬೇಡಿ.

ಸುಮಾರಾಗಿ ಮಾಡುವುದರ ಸುಖ

ನಿಮಗೆ ಬಾರದ್ದೊಂದನ್ನು ಕಲಿಯಲು ಸೇರಿ. ಮಕ್ಕಳ ಜತೆ ಯಕ್ಷಗಾನದ ಹೆಜ್ಜೆ, ಚೆಂಡೆ, ಈಜು, ಏನಾದರೂ. ಎಂಟು ವರ್ಷದ ಹುಡುಗಿ ನಿಮಗಿಂತ ಮೊದಲು ತಾಳ ಹಿಡಿಯುತ್ತಾಳೆ. ಮೂರು ತಿಂಗಳು ಬಿಡದೆ ಹೋಗಿ, ರಂಗಪ್ರವೇಶದ ಯೋಚನೆ ಬೇಡ, ಸ್ಟೇಟಸ್‌ಗೆ ಹಾಕುವುದೂ ಬೇಡ. ಅಷ್ಟು ಪುರುಸೊತ್ತು ಇಲ್ಲದವರಿಗೆ ವಾರದ ಭಜನೆ ಸಾಕು. ಹೇಳಿಕೊಡುವವರ ಜಾಗ ಬಿಟ್ಟು, ಒಟ್ಟಿಗೆ ಹೇಳುವವರ ನಡುವೆ ತಾಳ ಹಿಡಿದು ಕೂರಿ. ಅಳತೆಗೋಲು ಇಷ್ಟೇ: ಪಕ್ಕದವರ ದನಿ ನಿಮಗೆ ಕೇಳದಿದ್ದರೆ ನಿಮ್ಮದು ಹೆಚ್ಚಾಗಿದೆ.

ಈ ಹೊತ್ತಿಗೆ ಹೊಸ ರೋಗವೊಂದು ಹತ್ತುತ್ತದೆ: ಮುಂದಿನ ಸಾಲಿನಲ್ಲಿ ಯಾರ್ಯಾರು ಕೂತಿದ್ದಾರೆ ಎಂದು ಹಿಂದಿನಿಂದ ಎಣಿಸುವುದು, ‘ನಾವೆಂತ, ಸಾಮಾನ್ಯ ಜನ’ ಎಂದು ಮಾತುಮಾತಿಗೆ ಹೇಳುವುದು. ‘ಹೌದು, ನೀವು ಸಾಮಾನ್ಯವೇ’ ಎಂದು ಯಾರಾದರೂ ಒಪ್ಪಿಕೊಂಡರೆ ಒಳಗೆ ಚುರುಕ್ ಅನ್ನುತ್ತದೋ ನೋಡಿ. ಚುರುಕ್ ಅಂದರೆ ಪುಸ್ತಕ ತೆಗೆದು ‘ಹೆಸರು’ ಕಂಬದಲ್ಲಿ ಒಂದು ಗೀಟು.

ಆರನೆಯ ವಾರ ಮತ್ತೆ ಏಳು ದಿನ ಎಣಿಸಿ. ಮೊದಲ ವಾರದ ಅರ್ಧಕ್ಕೆ ಇಳಿದಿದ್ದರೂ ಒಳ್ಳೆಯ ಕೆಲಸವೇ ಆಗಿದೆ, ಸೊನ್ನೆ ಬಂದರೆ ಲೆಕ್ಕದಲ್ಲಿ ತಪ್ಪಿದೆ. ಇನ್ನೂ ಎತ್ತರದಲ್ಲಿರುವ ಕಂಬವನ್ನು ಮಾತ್ರ ಮುಂದುವರಿಸಿ. ಶುರು ಮಾಡುವ ಕಾಲವನ್ನೂ ನೋಡಿಕೊಳ್ಳಿ. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ, ಅಂದರೆ ತುಳುನಾಡಿನ ಉತ್ಸವಗಳ ಕಾಲ ಮುಗಿಯುವ ದಿನಕ್ಕೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ, ಉತ್ಸವ ನಿಲ್ಲುತ್ತವೆ, ಸಭೆಗಳೂ ಕಡಿಮೆ. ಮಳೆಗಾಲದಲ್ಲಿ ಮನೆಯೊಳಗಿನ ಮಾತು, ಸರದಿಯ ಕೆಲಸ ಮಾಡಿ. ಕುರ್ಚಿಯದ್ದಕ್ಕೆ ದೀಪಾವಳಿ ಕಳೆಯಲಿ. ಆಗ ಯಾರಾದರೂ ‘ಇಲ್ಲಿ ಎಂತಕ್ಕೆ ಕೂತದ್ದು?’ ಎಂದು ಕೇಳಿದರೆ ವಿನಯದ ವಿವರಣೆ ಬೇಡ. ‘ಇಲ್ಲಿ ಫ್ಯಾನಿನ ಗಾಳಿ ಒಳ್ಳೆದುಂಟು’ ಅನ್ನಿ, ಪಕ್ಕದ ಕುರ್ಚಿ ತೋರಿಸಿ.